ಪೆನ್ಸಿಲ್ ಚುಕ್ಕೆ

ಮಳೆಗಾಲ ಶುರುವಾಯಿತೆಂದರೆ ನಮ್ಮೂರ ಶಾಲೆಯ ಹಾಜರಿ ಪುಸ್ತಕಕ್ಕೆ ಹೊಗೆಯ ವಾಸನೆ ಹತ್ತುತ್ತಿತ್ತು. ಶಾಲೆಯ ಹಿಂದಿನ ಕೋಣೆಯೇ ಮಾಸ್ತರರ ಬಿಡಾರ. ಗೋಡೆಗೆಲ್ಲ ಥಂಡಿ ಹಿಡಿದು ಕಾಗದಕ್ಕೆ ಬೂಷ್ಟು ಬರುತ್ತದೆಂದು ಅವರು ಪುಸ್ತಕವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಒಣಮೆಣಸಿನಕಾಯಿ ಡಬ್ಬಿಯ ಪಕ್ಕದಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಅದನ್ನು ಮೇಜಿನ ಮೇಲೆ ಬಿಡಿಸಿದರೆ ಮುಂದಿನ ಸಾಲಿನಲ್ಲಿ ಕೂತ ನಮ್ಮ ಮೂಗಿಗೆ ಅಡುಗೆಮನೆಯೇ ಬಂದಂತೆ. ಗಂಜಿ ಕುಡಿದು ಬಂದವರಿಗೂ ಮತ್ತೆ ಹಸಿವಾಗುತ್ತಿತ್ತು.

ನಮ್ಮದು ಸೊರಬ ತಾಲೂಕಿನ ಒಂದು ಸಣ್ಣ ಊರು. ದಂಡಾವತಿಗೆ ಹೋಗಿ ಸೇರುವ ಹಳ್ಳವೊಂದು ಊರನ್ನು ಎರಡು ಮಾಡಿತ್ತು. ಶಾಲೆ ಹಳ್ಳದ ಆಚೆ, ನಮ್ಮ ಕೇರಿ ಈಚೆ. ನಡುವೆ ಎರಡು ಅಡಕೆ ಮರ ಜೋಡಿಸಿದ ಸಂಕ. ಜೂನ್ ತಿಂಗಳ ಮೊದಲ ಜೋರು ಮಳೆಗೆ ಸಂಕದ ಮೇಲೆ ನೀರು ಹರಿಯುತ್ತಿತ್ತು, ಆಗಸ್ಟಿನವರೆಗೂ ಅದರ ನಂಬಿಕೆ ಇಲ್ಲ. ಒಂದರಿಂದ ನಾಲ್ಕನೇ ತರಗತಿಯವರೆಗೆ ಒಂದೇ ಕೋಣೆ, ಒಬ್ಬರೇ ಮಾಸ್ತರು. ನಾನು ಒಂದನೇ ತರಗತಿಗೆ ಸೇರಿದ್ದು 1974ರಲ್ಲಿ.

ಉತ್ತರಕ್ಕೆ ಹಾನಗಲ್ಲು, ಹಿರೇಕೆರೂರು, ಪಶ್ಚಿಮಕ್ಕೆ ಶಿರಸಿ, ಸಿದ್ದಾಪುರ. ನಾಲ್ಕೂ ಕಡೆಯ ಮಾತು ನಮ್ಮ ತಾಲೂಕಿನೊಳಗೆ ನುಗ್ಗಿ ಬಂದಿದೆ. ಶಿಕಾರಿಪುರದ ಕಡೆ 'ಮೇಷ್ಟ್ರು' ಎನ್ನುವುದನ್ನು ನಾವು 'ಮಾಸ್ತರು' ಎನ್ನುತ್ತಿದ್ದೆವು. ನಮ್ಮ ಮಾಸ್ತರರಂತೂ ಹಾನಗಲ್ಲಿನ ಕಡೆಯವರೇ. ಆ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಮುಲ್ಕಿ ಪರೀಕ್ಷೆ ಪಾಸಾದವರು. ಶಾಲೆಗೆ ಅವರು 'ಸಾಲಿ' ಎನ್ನುತ್ತಿದ್ದರು, ಹೆಣ್ಣುಮಕ್ಕಳನ್ನೆಲ್ಲ 'ತಂಗಿ' ಎಂದೇ ಕರೆಯುತ್ತಿದ್ದರು. ಹೊಡೆಯುತ್ತಿರಲಿಲ್ಲವೆಂದರೆ ಸುಳ್ಳಾದೀತು. ಹೊಡೆಯುತ್ತಿದ್ದರು, ಆ ಕಾಲದ ಎಲ್ಲರ ಹಾಗೆ. ಆದರೆ ಹೊಡೆದ ಮಗುವನ್ನು ಅಳುಮೋರೆಯಲ್ಲಿ ಮನೆಗೆ ಕಳಿಸಿದ್ದು ನನಗೆ ನೆನಪಿಲ್ಲ.

ಬಾರದ ಮಕ್ಕಳ ಹೆಸರಿನ ಮುಂದೆ ಶಾಯಿಯಲ್ಲಿ 'ಗೈ' ಎಂದು ಬರೆಯಬೇಕು, ಅದು ಇಲಾಖೆಯ ಕ್ರಮ. ಮಾಸ್ತರರು ಬೆಳಿಗ್ಗೆ ಹಾಗೆ ಬರೆಯುತ್ತಿರಲಿಲ್ಲ. ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ಆ ಚೌಕದಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಮಧ್ಯಾಹ್ನ ನಾವು ಉಣ್ಣಲು ಮನೆಗೆ ಓಡಿದರೆ ಅವರು ಕೊಡೆ ಬಿಡಿಸಿಕೊಂಡು ಸಂಕದ ತನಕ ಬರುತ್ತಿದ್ದರು. ಸಂಕದ ಈಚೆ ನಿಂತಿರುವ ಮಕ್ಕಳನ್ನು ತಾವೇ ಕೈಹಿಡಿದು ದಾಟಿಸುತ್ತಿದ್ದರು. ನೀರು ಹೆಚ್ಚಿದ್ದರೆ ಆಚೆ ದಡದಿಂದಲೇ ಕೂಗಿ ವಿಚಾರಿಸುತ್ತಿದ್ದರು: ಜ್ವರವೋ, ನಟ್ಟಿಯೋ, ಅಡಕೆ ಸುಲಿಯಲು ಹೋದದ್ದೋ. ಮಗು ಬಂದರೆ ಚುಕ್ಕೆಯನ್ನು ರಬ್ಬರಿನಿಂದ ಅಳಿಸಿ ಹಾಜರಿ ಗೆರೆ ಎಳೆಯುವುದು. ಬಾರದಿದ್ದರೆ ಸಂಜೆ ಶಾಲೆ ಬಿಟ್ಟ ಮೇಲೆ, ಕಾರಣ ತಿಳಿದುಕೊಂಡ ಮೇಲೆ, ಶಾಯಿ. ಅಂದರೆ ಪ್ರತಿ ಮಗುವಿಗೂ ಅವರು ಒಂದಿಡೀ ದಿನ ಕಾಯುತ್ತಿದ್ದರು. ಇದನ್ನೆಲ್ಲ ಆಗ ನಾನು ಹೀಗೆ ಯೋಚಿಸಿರಲಿಲ್ಲ. ಚುಕ್ಕೆ ಇಟ್ಟರೆ ಮಾಸ್ತರು ಹುಡುಕಿಕೊಂಡು ಬರುತ್ತಾರೆ, ಇಷ್ಟೇ ಗೊತ್ತಿತ್ತು.

ನನ್ನ ಹೆಸರಿನ ಮುಂದೆ ಚುಕ್ಕೆ ಬಿದ್ದದ್ದು ಎರಡನೇ ತರಗತಿಯ ನಟ್ಟಿ ಕಾಲದಲ್ಲಿ. ಅಮ್ಮ ಗದ್ದೆಯಲ್ಲಿ ಅಗೆ ನೆಡುತ್ತಿದ್ದಳು, ನಾನು ಹಾಳಿಯ ಮೇಲೆ ಎಂಟು ತಿಂಗಳ ತಮ್ಮನನ್ನು ಎತ್ತಿಕೊಂಡು ಕೂತಿದ್ದೆ. ಇಬ್ಬರ ಮೇಲೂ ಒಂದೇ ಕಂಬಳಿ ಕೊಪ್ಪೆ. ಮಾಸ್ತರರು ಪಂಚೆ ಮಡಿಚಿ ಕಟ್ಟಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಹಾಳಿಯುದ್ದಕ್ಕೂ ನಡೆದು ಬಂದರು. ಅಪ್ಪ ಎತ್ತು ನಿಲ್ಲಿಸಿದ.

"ಎಷ್ಟು ದಿನದ ನಟ್ಟಿ?" ಎಂದರು.

"ಇನ್ನೂ ನಾಕು ದಿನ ಉಂಟು ಮಾಸ್ತರೇ. ಕೂಸನ್ನ ಹಿಡ್ಕಳಕ್ಕೆ ಯಾರೂ ಇಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಕೂಸನ್ನೂ ಕರಕೊಂಡು ಬರಲಿ. ಸಾಲ್ಯಾಗ ಮಲಗತೈತಿ," ಎಂದರು.

ನಾಲ್ಕು ದಿನ ನನ್ನ ತಮ್ಮ ಮಾಸ್ತರರ ಕೋಣೆಯಲ್ಲಿ, ಒಲೆಯ ಬಿಸಿ ತಾಗುವಷ್ಟು ದೂರದಲ್ಲಿ, ಗೋಣಿತಾಟಿನ ಮೇಲೆ ಮಲಗಿದ. ಅವನು ಅತ್ತರೆ ಮಗ್ಗಿ ಹೇಳುವುದನ್ನು ಬಿಟ್ಟು ನಾನು ಓಡುವುದು. ಒಮ್ಮೆ ನಾನು ಏಳುವ ಮೊದಲೇ ಮಾಸ್ತರರು ಹೋಗಿ ಅವನನ್ನು ಹೆಗಲಿಗೆ ಹಾಕಿಕೊಂಡು ಬಂದು, ಬೆನ್ನು ತಟ್ಟುತ್ತಲೇ ನಾಲ್ಕನೇ ತರಗತಿಗೆ ಭಾಗಾಕಾರ ಹೇಳಿಕೊಟ್ಟರು. ನನ್ನ ತಮ್ಮನಿಗೆ ಈಗ ಐವತ್ತು ದಾಟಿದೆ. ಈ ಕಥೆ ಹೇಳಿದರೆ ಅವನು ಪ್ರತಿಸಲವೂ ಮೊದಲ ಸಲ ಕೇಳಿದಂತೆ ಕೇಳುತ್ತಾನೆ.

ಅದೇ ಹೊತ್ತಿಗೆ ಊರಿನಲ್ಲಿ ಡಿಕ್ಲರೇಷನ್ ಮಾತು ನಡೆದಿತ್ತು. ದೇವರಾಜ ಅರಸು ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಗದ್ದೆ ಉಳುತ್ತಿದ್ದವರು ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲೇ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿದ್ದರು. ಆ ಕಥೆ ಗೊತ್ತಿದ್ದರೂ ನಮ್ಮ ಕೇರಿಯಲ್ಲಿ ಫಾರಂ ತುಂಬಲು ಅಂಜುವವರೇ ಹೆಚ್ಚು. ಒಡೇರ ಎದುರು ನಿಲ್ಲುವ ಮಾತು ಅದು. ಒಂದು ರಾತ್ರಿ ಅಪ್ಪ ನನ್ನ ಕೈಗೆ ಲಾಟೀನು ಕೊಟ್ಟು ಮಾಸ್ತರರ ಕೋಣೆಗೆ ಕರೆದುಕೊಂಡು ಹೋದ. ಸರ್ವೆ ನಂಬರು, ಎಕರೆ, ಗುಂಟೆ, ಎಷ್ಟು ವರ್ಷದಿಂದ ಉಳುತ್ತೀರಿ, ಗೇಣಿ ಎಷ್ಟು ಚೀಲ ಎಂದು ಮಾಸ್ತರರು ಒಂದೊಂದೇ ಕೇಳಿ ಬರೆದರು. ಕಡೆಗೆ ಅಪ್ಪ ಎಡಗೈ ಹೆಬ್ಬೆಟ್ಟು ಮುಂದೆ ಮಾಡಿದ.

ಮಾಸ್ತರರು ಶಾಯಿ ಪ್ಯಾಡು ತೆಗೆಯಲಿಲ್ಲ. "ಹೆಬ್ಬಟ್ಟು ಒತ್ತಿದ್ರೂ ಫಾರಂ ತಗೋತಾರ. ಆದ್ರ ನಾಳೆ ಸೊರಬದಾಗ ಕಚೇರಿ ಮುಂದ ನಿಂತಾಗ, ಇದು ನನ್ನ ಹೆಸರು ಅಂತ ನೀವ ಓದಿ ಹೇಳಬೇಕಲ್ಲ? ಹದಿನೈದು ದಿನ ತಡೀರಿ."

ಅಪ್ಪನ ಹೆಸರಿನಲ್ಲಿ ಇದ್ದದ್ದು ನಾಲ್ಕೇ ಅಕ್ಷರ, ಒಂದು ಒತ್ತು. ಮಾಸ್ತರರು ಅ ಆ ಇ ಈ ಹಿಡಿದು ಕೂರಿಸಲಿಲ್ಲ. ಆ ನಾಲ್ಕನ್ನೇ ನನ್ನ ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದುಕೊಟ್ಟರು. ದಿನಾ ರಾತ್ರಿ ಅಪ್ಪ ಬಳಪ ಹಿಡಿದು ಅದರ ಮೇಲೇ ತೀಡುತ್ತಿದ್ದ. ನೇಗಿಲು ಹಿಡಿದ ಕೈಗೆ ಬಳಪ ಸಣ್ಣದು, ಪಟ್ಟೆಂದು ಮುರಿಯುತ್ತಿತ್ತು. ಒತ್ತಕ್ಷರ ಮಾತ್ರ ಕೊನೆಯವರೆಗೂ ಒದ್ದಾಡಿಸಿತು. ಅದನ್ನು ಕಲಿಸಿದ್ದು ನಾನು. "ಕೆಳಗೆ ಬಾ ಅಪ್ಪ, ಇನ್ನೂ ಕೆಳಗೆ, ಈಗ ಬಲಕ್ಕೆ ತಿರುಗು" ಎಂದು ಅವನ ಕೈ ಮೇಲೆ ಕೈ ಇಟ್ಟು ನಡೆಸಿದ್ದು ನನ್ನ ಬೆರಳಿಗೆ ಇವತ್ತೂ ನೆನಪಿದೆ. ನಾನು ಯಾವಾಗ ಟೀಚರ್ ಆಗಬೇಕೆಂದುಕೊಂಡೆ ಎಂದು ಯಾರಾದರೂ ಕೇಳಿದರೆ ಹೈಸ್ಕೂಲಿನ ಒಂದು ದಿನವನ್ನು ಹೇಳುತ್ತೇನೆ. ಆದರೆ ಆ ಆಸೆಗೆ ಮಣ್ಣು ಹದವಾದದ್ದು ಆ ಲಾಟೀನಿನ ಬೆಳಕಿನಲ್ಲಿ.

ಎರಡು ಎಕರೆ ಗದ್ದೆ ನಮ್ಮದಾಯಿತು. ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕ ಕಾಗದಗಳಲ್ಲೆಲ್ಲ ಅದೇ ಸಹಿ. ಒತ್ತು ಪ್ರತಿಯೊಂದರಲ್ಲೂ ಸ್ವಲ್ಪ ಜಾಸ್ತಿಯೇ ಕೆಳಗಿಳಿದಿದೆ.

ಇನ್ನೊಬ್ಬ ಶಿಕ್ಷಕರ ವಿಷಯವನ್ನೂ ಹೇಳಲೇಬೇಕು. ಅವರ ಹೆಸರಾಗಲಿ ಶಾಲೆಯ ಹೆಸರಾಗಲಿ ಬೇಡ. ಊರಿನಿಂದ ಹೊರಗೆ ಓದಲು ಹೋದ ಹೊಸತು. ಅವರು ಪ್ರಶ್ನೆ ಕೇಳಿದರು, ನನಗೆ ಉತ್ತರ ಗೊತ್ತಿತ್ತು, ಎದ್ದು ನಿಂತು ಹೇಳಿದೆ. ನಮ್ಮ ಮನೆಯ ಮಾತಿನಲ್ಲಿ 'ಹೋಯಿತು' ಎನ್ನುವುದು 'ಹೋತು' ಆಗುತ್ತದೆ. ಅವರು ಅದನ್ನು ನನ್ನಿಂದ ಮೂರು ಸಲ ಹೇಳಿಸಿದರು. ಮೊದಲ ಸಲ ಮುಂದಿನ ಬೆಂಚು ನಕ್ಕಿತು, ಮೂರನೇ ಸಲ ಇಡೀ ತರಗತಿ. ಆಮೇಲೆ ಅವರು ಒಂದು ಕ್ಷಣ ತಡೆದು, ಮೆಲ್ಲಗೆ, "ನಟ್ಟಿ ಮಾಡೋ ಕೈಗೆ ಪುಸ್ತಕ ಎಂತಕ್ಕೆ?" ಎಂದರು. ಕೂಗಾಡಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. ಆ ತಡೆದ ಕ್ಷಣ, ಆ ಮೆಲುದನಿ ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದೆ ಒಂದು ವರ್ಷ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಹೆಸರು ಕರೆದಾಗಿನ 'ಎಸ್ ಸಾರ್' ಒಂದೇ.

ಹೈಸ್ಕೂಲಿಗೆ ನಾನು ಬಂದದ್ದು ಶಿಕಾರಿಪುರಕ್ಕೆ, ಚಿಕ್ಕಮ್ಮನ ಮನೆಗೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಇಳಿದಾಗ ಬೇರೆ ಸೀಮೆಗೆ ಬಂದಂತೆ ಆಗಿತ್ತು. ಅಡಕೆ ತೋಟಗಳ ನೆರಳು ಹಿಂದೆ ಉಳಿದು ಬಯಲು, ಕೆರೆ, ಹುಚ್ಚರಾಯಸ್ವಾಮಿಯ ಗುಡಿ, ಜನವೋ ಜನ. ಅಲ್ಲಿ ಕನ್ನಡ ಮತ್ತು ಸಮಾಜ ಹೇಳಿಕೊಡುತ್ತಿದ್ದವರು ಒಬ್ಬರು ಹೆಂಗಸು. ಪೇಟೆಯ ಮಕ್ಕಳು 'ಟೀಚರ್' ಎಂದರೆ ಹಳ್ಳಿಯಿಂದ ಬಂದ ನಾವು 'ಅಕ್ಕೋರೇ' ಎನ್ನುತ್ತಿದ್ದೆವು. ಎರಡಕ್ಕೂ ಅವರು ಓಗೊಡುತ್ತಿದ್ದರು.

ಅಕ್ಕೋರಿಗೆ ಒಂದು ನಂಬಿಕೆ: ಪಾಠಪುಸ್ತಕದ ಊರು ಒಂದು ದಿನದಲ್ಲಿ ಹೋಗಿಬರುವ ದೂರದಲ್ಲಿದ್ದರೆ ಪಾಠವನ್ನು ಕೋಣೆಯೊಳಗೆ ಮಾಡಬಾರದು. ಹಾಗಾಗಿ ಒಂಬತ್ತನೇ ತರಗತಿಯ ಚಳಿಗಾಲದಲ್ಲಿ ನಮ್ಮನ್ನೆಲ್ಲ ಬಸ್ಸಿನಲ್ಲಿ ಶಿರಾಳಕೊಪ್ಪಕ್ಕೆ ಕರೆದುಕೊಂಡು ಹೋಗಿ ಅಲ್ಲಿಂದ ತಾಳಗುಂದಕ್ಕೂ ಬಳ್ಳಿಗಾವಿಗೂ ನಡೆಸಿದರು. ಮನೆಯಿಂದ ಕಟ್ಟಿಸಿಕೊಂಡು ಬಂದ ರೊಟ್ಟಿ, ಚಟ್ನಿಪುಡಿಯ ಗಂಟು ಎಲ್ಲರ ಕೈಯಲ್ಲೂ.

ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದೆ ಶಾಸನದ ಕಂಬ ನಿಂತಿದೆ. ಕದಂಬರ ಕಥೆಯನ್ನು ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಕಾವ್ಯ ಮಾಡಿ ತಾನೇ ಕಲ್ಲಿಗೆ ಇಳಿಸಿದ್ದು. ನಾವೆಲ್ಲ ಬಾಯಿಪಾಠ ಮಾಡಿದ್ದ ಕಥೆಯೇ: ಮಯೂರಶರ್ಮ ಓದಲೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನಿಂದ ಅವಮಾನವಾಯಿತು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ, ನಾಲ್ಕನೇ ಶತಮಾನದಲ್ಲಿ ಕನ್ನಡ ನಾಡಿಗೆ ತನ್ನದೇ ಒಂದು ಅರಸುಮನೆ ಆಯಿತು. ಅಕ್ಕೋರು ರಾಜ್ಯದ ಮಾತನ್ನು ಬೇಗ ಮುಗಿಸಿಬಿಟ್ಟರು. "ಹುಡುಗ ಒಬ್ಬನೇ ಹೋಗಿರಲಿಲ್ಲ. ಗುರು ವೀರಶರ್ಮ ಜೊತೆಗಿದ್ದ. ಶಿಷ್ಯನಿಗೆ ಅವಮಾನ ಆದಾಗ ಆ ಮುದುಕನಿಗೆ ಏನನ್ನಿಸಿರಬೇಕು? ಶಿಷ್ಯ ಓದು ಬಿಟ್ಟು ಕಾಡು ಸೇರಿದಾಗ ಆತ ಯಾವ ದಾರಿ ಹಿಡಿದು ಊರಿಗೆ ಬಂದ?" ಎಂದು ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಕಂಬವೂ ಅದನ್ನು ಹೇಳುವುದಿಲ್ಲ. ಬನವಾಸಿ ಹತ್ತಿರದ ಗುಡ್ನಾಪುರದ ಶಾಸನ ವೀರಶರ್ಮನನ್ನು ಮಯೂರನ ಅಜ್ಜ ಎನ್ನುತ್ತದೆಂದು ಎಷ್ಟೋ ವರ್ಷದ ಮೇಲೆ ಓದಿದೆ. ಗುರುವೂ ಹೌದು, ಅಜ್ಜನೂ ಹೌದು. ಓದಿದ ದಿನ ಅಕ್ಕೋರಿಗೆ ಕಾಗದ ಬರೆದೆ.

ಅವತ್ತು ನನಗೆ ಮಾತ್ರ ಆ ಪ್ರಶ್ನೆ ಬೇರೆಯೇ ಕಡೆ ತಾಗಿತ್ತು. ಓದಲು ಹೋದಲ್ಲಿ ಅವಮಾನಪಟ್ಟ ಹುಡುಗನ ಕಥೆಯನ್ನು ಎಲ್ಲರೂ ಶೌರ್ಯದ ಕಥೆ ಎಂದು ಕೇಳಿದರೆ ನಾನು ಬಾಯಿ ಕಟ್ಟಿದವಳ ಕಥೆಯೆಂದು ಕೇಳುತ್ತಿದ್ದೆ. ನನ್ನ ಕೈಗೆ ಸಿಗುವ ಕತ್ತಿ ಯಾವುದೂ ಇರಲಿಲ್ಲ. ಜೊತೆಗಿದ್ದವರು ಯಾರು ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ.

ಮಧ್ಯಾಹ್ನ ಬಳ್ಳಿಗಾವಿ. ಅಲ್ಲಮಪ್ರಭು ಹುಟ್ಟಿದ ಊರು. ಅಕ್ಕಮಹಾದೇವಿಯ ಉಡುತಡಿಯೂ ಅಲ್ಲೇ ಸನಿಹ. ಕೇದಾರೇಶ್ವರ ಗುಡಿಯ ಅಂಗಳದಲ್ಲಿ ಕೂತು ರೊಟ್ಟಿ ತಿನ್ನುವಾಗ ಅಕ್ಕೋರು ಕೋಡಿಯ ಮಠದ ವಿಷಯ ತೆಗೆದರು. ಕಾಳಾಮುಖ ಯತಿಗಳ ಆ ಮಠವನ್ನು ಬಣ್ಣಿಸುವ 1162ರ ಶಾಸನವೊಂದಿದೆ. ನಾಲ್ಕು ವೇದ, ಪಾಣಿನಿ ಶಾಕಟಾಯನರ ವ್ಯಾಕರಣ, ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ದರ್ಶನ, ಪುರಾಣ, ಕಾವ್ಯ, ನಾಟಕ, ಏನೇನು ಓದಿಸುತ್ತಿದ್ದರು ಎಂಬ ಪಟ್ಟಿಯೇ ಅದರಲ್ಲಿದೆ. ಅದೇ ಉಸಿರಿನಲ್ಲಿ ಶಾಸನ ಹೇಳುತ್ತದೆ: ದೀನರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅಲ್ಲಿ ಅನ್ನ, ರೋಗಿಗಳಿಗೆ ಮದ್ದು. "ಪಾಠ ಹೇಳೋ ಜಾಗದಲ್ಲೇ ಅನ್ನ ಇತ್ತು. ನೆನಪಿಟ್ಟುಕೊಳ್ಳಿ," ಎಂದು ಅಕ್ಕೋರು ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು, ಏನೂ ತಾರದೆ ಬಂದಿದ್ದ ಹುಡುಗಿಯ ಕೈಗೆ ಕೊಟ್ಟರು.

ಊಟದ ಮೇಲೆ ಒಂದು ಹಳಗನ್ನಡ ಶಾಸನದ ಮುಂದೆ ನಮ್ಮನ್ನು ನಿಲ್ಲಿಸಿ, "ಇದರಲ್ಲಿ ನಮಗೆ ಗೊತ್ತಿರೋ ಅಕ್ಷರ ಉಂಟಾ ನೋಡಿ," ಎಂದರು. ಹುಡುಗರು ನೂಕಾಡಿ ನೋಡಿದರು. ಯಾರಿಗೂ ಏನೂ ತಿಳಿಯಲಿಲ್ಲ. ಎಲ್ಲರೂ ಶಿಲ್ಪ ನೋಡಲು ಆಚೆ ಹೋದ ಮೇಲೆ ನಾನು ಹತ್ತಿರ ಹೋಗಿ ಬೆರಳಿನಿಂದ ತಡವಿದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಅಪ್ಪನ ಕೈ ಹಿಡಿದು ತೀಡಿಸಿದ್ದೆನಲ್ಲ, ಅದೇ ತಿರುವು. "ಗ," ಎಂದೆ. ಹಿಂದೆ ಅಕ್ಕೋರು ನಿಂತಿದ್ದು ಗೊತ್ತಿರಲಿಲ್ಲ. "ಇನ್ನೊಂದು?" ಎಂದರು. "ನ. ಇಲ್ಲಿ ಲ." ಅವರು ಎಲ್ಲರನ್ನೂ ಕೂಗಿ ಕರೆದರು. "ಬನ್ನಿ ಇಲ್ಲಿ. ಇವಳು ಓದ್ತಾಳೆ, ಕೇಳಿ."

ನಾನು ಅಕ್ಷರ ತೋರಿಸುತ್ತ ಹೋದೆ. ಒಂದು ಕಡೆ ಕಲ್ಲು ಒಡೆದಿತ್ತು, "ಇಲ್ಲಿ ಒಡೆದು ಹೋತು," ಎಂದುಬಿಟ್ಟೆ. ನಗು ಬರುತ್ತದೆಂದು ಮೈ ಬಿಗಿ ಹಿಡಿದೆ. ಅಕ್ಕೋರು, "ಹೌದು, ಹೋತು. ಮುಂದೆ?" ಎಂದರು. ಯಾರೂ ನಗಲಿಲ್ಲ.

ಅವತ್ತು ವಾಪಸ್ಸು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಾಗ ಟೀಚರ್ ಆಗಬೇಕೆಂದು ನನಗೆ ನಾನೇ ಹೇಳಿಕೊಂಡೆ. ಅಕ್ಕೋರಂತೆ ಆಗಬೇಕು ಎಂದಲ್ಲ. ಆ 'ಹೌದು, ಹೋತು' ಎನ್ನುವ ಜಾಗದಲ್ಲಿ ನಿಲ್ಲಬೇಕು ಎಂದು.

ಇನ್ನೊಂದು ಸಲ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂರಿಸಿಕೊಂಡು ಈಸೂರಿಗೆ ಹೋದದ್ದುಂಟು. 1942ರಲ್ಲಿ ತನಗೆ ತಾನೇ ಸ್ವತಂತ್ರವೆಂದು ಸಾರಿಕೊಂಡ ಊರು. ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡ ಸರ್ಕಾರ ಅದು. 1943ರ ಮಾರ್ಚಿನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಘೋಷಣೆಯನ್ನು ಟ್ರೇಲರಿನಲ್ಲಿ ಗಂಟಲು ಹರಿಯುವಂತೆ ಕೂಗಿಕೊಂಡು ಹೋಗಿದ್ದೆವು. ಹುತಾತ್ಮರ ಹೆಸರು ಓದಿ ಎಲ್ಲರೂ ಸುಮ್ಮನಾದ ಮೇಲೆ ಅಕ್ಕೋರು ಇನ್ನೊಂದು ವಿಷಯ ಹೇಳಿದರು. ಜಿ.ಎಸ್. ಶಿವರುದ್ರಪ್ಪನವರು 1926ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅಪ್ಪ ಶಾಂತವೀರಪ್ಪನವರು ಶಾಲೆ ಮೇಷ್ಟ್ರು. ಮಗ ಮೈಸೂರಿಗೆ ಹೋಗಿ ಕುವೆಂಪು ಅವರ ಶಿಷ್ಯನಾದ, ತಾನೂ ಮೇಷ್ಟ್ರಾದ. ಆ ಕುವೆಂಪು ಅವರಿಗೆ ಗುರು ಟಿ.ಎಸ್. ವೆಂಕಣ್ಣಯ್ಯನವರು. ತೀರಿಹೋಗಿದ್ದ ಆ ಗುರುವಿಗೇ ಕುವೆಂಪು ತಮ್ಮ ರಾಮಾಯಣ ದರ್ಶನವನ್ನು ಅರ್ಪಿಸಿದ್ದು. ಅಕ್ಕೋರು ಬೆರಳು ಮಡಿಚಿ ಎಣಿಸಿದರು: ವೆಂಕಣ್ಣಯ್ಯ, ಕುವೆಂಪು, ಶಿವರುದ್ರಪ್ಪ. ನಾಲ್ಕನೇ ಬೆರಳಿಗೆ ಬಂದು ತಮ್ಮ ಕಾಲೇಜಿನ ಕನ್ನಡ ಮೇಷ್ಟ್ರ ಹೆಸರು ಹೇಳಿದರು, ಅವರು ಶಿವರುದ್ರಪ್ಪನವರ ಪಾಠ ಕೇಳಿದವರು. ಐದನೇ ಬೆರಳನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. 2006ರಲ್ಲಿ ಶಿವರುದ್ರಪ್ಪನವರು ರಾಷ್ಟ್ರಕವಿಯಾದಾಗ ನಾನು ನನ್ನ ಶಾಲೆಯ ಮಕ್ಕಳ ಮುಂದೆ ಅದೇ ರೀತಿ ಬೆರಳು ಮಡಿಚಿದೆ. ಒಂದು ಕೈ ಸಾಲಲಿಲ್ಲ.

ಪಿಯುಸಿ ಮುಗಿಸಿ ಟಿಸಿಎಚ್ ಮಾಡಿದೆ. ಪಾಠ ಟಿಪ್ಪಣಿ ಬರೆಯುವುದು, ರಟ್ಟಿನಲ್ಲಿ ಪಾಠೋಪಕರಣ ಮಾಡುವುದು, ಕಪ್ಪುಹಲಗೆಗೆ ಬೆನ್ನು ತೋರಿಸದೆ ಬರೆಯುವುದು, ಇವೆಲ್ಲ ಉಪಯೋಗಕ್ಕೆ ಬಂದವು. ಕೆಲವು ವರ್ಷ ಕಾದ ಮೇಲೆ ನೇಮಕಾತಿ ಆದೇಶ ಬಂತು: ಶಿಕಾರಿಪುರ ತಾಲೂಕಿನ ಒಂದು ತಾಂಡಾ.

ತಾಂಡಾದ ಮಕ್ಕಳಿಗೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಅಮ್ಮನಿಗೆ 'ಯಾಡಿ', ರೊಟ್ಟಿಗೆ 'ಬಾಟಿ' ಎನ್ನುವುದನ್ನು ಮೊದಲ ವಾರದಲ್ಲೇ ಕಲಿತೆ. 'ಹೋತು' ಎಂದದ್ದಕ್ಕೆ ನಗೆಗೀಡಾದವಳಿಗೆ ಮನೆಮಾತಿನ ಮರ್ಯಾದೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಸುಗ್ಗಿ ಎಂಬುದೊಂದು ಇತ್ತು. ಮೆಕ್ಕೆಜೋಳದ ಕಟಾವು ಮುಗಿಯುತ್ತಿದ್ದಂತೆ ಅರ್ಧ ತಾಂಡಾ ಕಾಫಿ ಸೀಮೆಗೋ ಕಬ್ಬು ಕಡಿಯಲೋ ಹೊರಟುಬಿಡುತ್ತಿತ್ತು. ಪಾತ್ರೆ, ಕೋಳಿ, ಮಕ್ಕಳು ಎಲ್ಲ ಒಂದೇ ಲಾರಿಯಲ್ಲಿ. ಆ ತಿಂಗಳುಗಳಲ್ಲಿ ಹಾಜರಿ ಪುಸ್ತಕದ ಪುಟ ತುಂಬ 'ಗೈ, ಗೈ, ಗೈ'.

ಅಂಥದ್ದೇ ಒಂದು ಸುಗ್ಗಿ ಮುಗಿಸಿ ಮೂರನೇ ತರಗತಿಯ ಹುಡುಗನೊಬ್ಬ ವಾಪಸ್ಸು ಬಂದ. ನಾಲ್ಕು ತಿಂಗಳಲ್ಲಿ ಕಲಿತದ್ದೆಲ್ಲ ಮರೆತಿತ್ತು. ಒಂದು ಸಾಲು ಓದು ಎಂದೆ, ಆಗಲಿಲ್ಲ. ಮತ್ತೆ ಓದು ಎಂದೆ. ಅವತ್ತು ನನಗೆ ತಲೆನೋವು, ಮಾರನೇ ದಿನ ತಪಾಸಣೆ, ನೆಪಗಳನ್ನು ಎಷ್ಟಾದರೂ ಹೇಳಬಹುದು. ಒಂದು ಕ್ಷಣ ತಡೆದೆ. ಮೆಲ್ಲಗೆ ಹೇಳಿದೆ: "ಕಾಫಿ ಕೊಯ್ಯೋ ಕೈಗೆ ಪುಸ್ತಕ ಎಂತಕ್ಕೆ?"

ಮಕ್ಕಳು ನಕ್ಕರು. ಆ ನಗು ನನಗೆ ಗೊತ್ತಿದ್ದ ನಗು.

ಹದಿನೈದು ವರ್ಷ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ದ್ವೇಷಿಸಿದ್ದೆ. ಹಾಗೆ ಇಟ್ಟುಕೊಂಡದ್ದೇ ಅದನ್ನು ಸಾಕಿದಂತೆ ಆಗಿತ್ತೇನೋ. ಪದ ಅದೇ, ತಡೆ ಅದೇ, ದನಿ ಅದೇ. ಮೆಚ್ಚಿದ ಗುರುಗಳಿಂದ ಮಾತ್ರ ಕಲಿತೆ ಎಂದುಕೊಂಡಿದ್ದೆ. ನಾಲಿಗೆ ಎಲ್ಲರಿಂದಲೂ ಕಲಿತಿತ್ತು. ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಇದನ್ನು ಮುಚ್ಚಿಡದೆ ಹೇಳುತ್ತೇನೆ: ನಿಮಗೆ ನೋವು ಮಾಡಿದ ಮೇಷ್ಟ್ರು ಯಾರು, ಏನೆಂದರು, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ದಣಿದ ದಿನ ಬಾಯಿಗೆ ಬರುವುದು ಅದೇ.

ಮಾರನೇ ದಿನ ಆ ಹುಡುಗ ಬರಲಿಲ್ಲ. ಪೆನ್ನು ಎತ್ತಿದೆ. ಹೊಗೆಯ ವಾಸನೆ ನೆನಪಾಯಿತು, ನಿಜವಾಗಿಯೂ ಆಯಿತು. ಮಗುವೊಂದರ ಪೆನ್ಸಿಲ್ ಇಸಿದುಕೊಂಡು ಆ ಚೌಕದಲ್ಲಿ ಚುಕ್ಕೆ ಇಟ್ಟೆ. ಮಧ್ಯಾಹ್ನ ಅವನ ಮನೆಗೆ ನಡೆದೆ. ಹುಡುಗ ಮೆಕ್ಕೆಜೋಳದ ತೆನೆ ರಾಶಿಯ ಹಿಂದೆ ಅಡಗಿ ಕೂತಿದ್ದ. ಯಾಡಿ ಚಾಪೆ ಹಾಸಿ ಚಾ ಕೊಟ್ಟಳು, ಅವನು ಏನನ್ನೂ ಹೇಳಿರಲಿಲ್ಲವೆಂದು ಅವಳ ಮುಖದಿಂದಲೇ ತಿಳಿಯಿತು. ನಾನು ರಾಶಿಯ ಹತ್ತಿರ ಕೂತು, "ತಪ್ಪಾಯ್ತು ಮಗಾ, ಹಾಗೆ ಅನ್ನಬಾರದಿತ್ತು," ಎಂದೆ. ಅವನು ತಿರುಗಿ ನೋಡಲಿಲ್ಲ. ಮಾರನೇ ದಿನವೂ ಚುಕ್ಕೆ, ಮಾರನೇ ದಿನವೂ ನಡಿಗೆ. ಎರಡನೇ ದಿನ ಯಾಡಿ ಸುಮ್ಮನೆ ಮಾತಿಗೆಂಬಂತೆ ಹೇಳಿದಳು: ತೋಟದಲ್ಲಿ ದಿನಾ ಸಂಜೆ ಕಾಫಿ ಹಣ್ಣು ತೂಗುವಾಗ ಇವನೇ ಪಕ್ಕದಲ್ಲಿ ನಿಂತು ಕಿಲೋ ಎಣಿಸುತ್ತಾನೆ, ವಾರದ ಬಟವಾಡೆಯಲ್ಲಿ ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೂ ರೈಟರಿಗೆ ಹೇಳುತ್ತಾನೆ. ನಾನು ಅವನಿಗೆ ಓದು ಬರುವುದಿಲ್ಲ ಎಂದಿದ್ದೆ. ಅವನಿಗೆ ಏನು ಬರುತ್ತದೆಂದು ಕೇಳಿರಲೇ ಇಲ್ಲ.

ಆಮೇಲೆ ಎಷ್ಟೋ ಬದಲಾಯಿತು. 2003ರಲ್ಲಿ ಅಕ್ಷರ ದಾಸೋಹ ನಮ್ಮ ಜಿಲ್ಲೆಗೂ ಬಂದು ಶಾಲೆಯಲ್ಲೇ ಅನ್ನ ಬೇಯತೊಡಗಿದ ದಿನ ನನಗೆ ಬಳ್ಳಿಗಾವಿಯ ಅಂಗಳ ಕಣ್ಣಿಗೆ ಕಟ್ಟಿತು. ಅರ್ಧ ರೊಟ್ಟಿ ಇಸಿದುಕೊಂಡ ಆ ಹುಡುಗಿಯ ಕೈಯೂ. 2006ರಿಂದ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಬಂದು ತಾಂಡಾದ ಹುಡುಗಿಯರು ಹೈಸ್ಕೂಲು ಮುಟ್ಟಿದರು. ಈಗ ಹಾಜರಿಯೂ ಮೊಬೈಲಿಗೆ ಬಂದಿದೆ, ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಬಂದಿದ್ದಾರೆ ಅಥವಾ ಬಂದಿಲ್ಲ, ಎರಡರಲ್ಲೊಂದು. ಇಲಾಖೆಗೆ ಬೇಕಾದದ್ದನ್ನು ಅಲ್ಲಿ ಹಾಕುತ್ತೇನೆ. ಚುಕ್ಕೆಗಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ಬೇರೆ ಇಟ್ಟುಕೊಂಡಿದ್ದೇನೆ. ವರ್ಷಕ್ಕೊಂದರಂತೆ ಮನೆಯ ಕಪಾಟಿನ ಒಂದು ಅರೆ ತುಂಬಿದೆ.

ಆ ಹುಡುಗನ ವಿಷಯವಾದ ವರ್ಷವೇ, ದೀಪಾವಳಿ ರಜೆಯಲ್ಲಿ, ಮಾಸ್ತರರನ್ನು ಹುಡುಕಿಕೊಂಡು ಹೋದೆ. ನಿವೃತ್ತರಾಗಿ ಹಾನಗಲ್ಲಿನ ಕಡೆ ತಮ್ಮ ಊರಿನಲ್ಲಿದ್ದರು. ಊರೆಲ್ಲ ಹೋರಿ ಹಬ್ಬದ ಗದ್ದಲ. ಕೊಬ್ಬರಿ ಸರ, ಬಲೂನು ಕಟ್ಟಿದ ಹೋರಿಗಳು ಓಣಿಯಲ್ಲಿ ಓಡುತ್ತಿದ್ದವು. ಮಾಸ್ತರರು ಕಟ್ಟೆಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿತ್ತು. ನನ್ನ ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ಅಪ್ಪನ ಹೆಸರು ಹೇಳಿದೆ. "ಒತ್ತು ಬರೀಲಿಕ್ಕ ಭಾಳ ತ್ರಾಸ ಆತು ಅವರಿಗೆ," ಎಂದು ನಕ್ಕರು. ಸಂಕ ಈಗಲೂ ಇದೆಯೇ ಎಂದು ಕೇಳಿದರು. ಸಿಮೆಂಟಿನ ಸೇತುವೆ ಆಗಿದೆ ಎಂದೆ.

ಚುಕ್ಕೆಯ ಮಾತು ತೆಗೆದೆ. ನಿಮ್ಮಿಂದಲೇ ಕಲಿತದ್ದು ಮಾಸ್ತರೇ ಎಂದೆ. ಅವರು ತಲೆ ಅಲ್ಲಾಡಿಸಿದರು. "ನಂದಲ್ಲ ತಂಗಿ ಅದು. ನಾ ಸಣ್ಣಾವಿದ್ದಾಗ ನಮ್ಮಪ್ಪ ನನ್ನ ದನಾ ಕಾಯಲಿಕ್ಕ ಹಚ್ಚಿದ್ದ. ನಮ್ಮ ಮಾಸ್ತರರು ಇಪ್ಪತ್ತು ದಿನ ಚುಕ್ಕಿ ಇಟ್ಟು, ಇಪ್ಪತ್ತು ದಿನ ಗುಡ್ಡಕ್ಕ ಬಂದ್ರು." ಆ ಮಾಸ್ತರರಿಗೆ ಅದನ್ನು ಯಾರು ಕಲಿಸಿದ್ದರೋ ಎಂದು ಅವರೂ ಕೇಳಿರಲಿಲ್ಲ.

ಆಮೇಲೆ ಹುಡುಗನ ಕಥೆಯನ್ನು ಪೂರ್ತಿ ಹೇಳಿದೆ. ನಾನು ಅಂದ ಮಾತನ್ನೂ ಬಿಡದೆ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಓಣಿಯಲ್ಲಿ ಒಂದು ಹೋರಿ ಗೆಜ್ಜೆ ಸದ್ದು ಮಾಡುತ್ತ ಓಡಿಹೋಯಿತು, ಹಿಂದೆ ಹುಡುಗರ ಕೇಕೆ. ಸದ್ದು ಇಳಿಯುವವರೆಗೂ ಕಾದು ನನ್ನ ಕಡೆ ಕಿವಿಗೊಟ್ಟು ಬಾಗಿದರು.

"ಬಂದನೇನು ಹುಡುಗ?"

"ಬಂದ ಮಾಸ್ತರೇ. ನಾಕನೇ ದಿನ."

"ಚುಕ್ಕಿ ಅಳಿಸಿದಿ?"

"ಅಳಿಸಿದೆ."